ಕೆಂಪು ಪಟ್ಟಿಯ ಕೆಳಗೇ ಉಳಿದ ಗೆರೆ

ಬಹಳ ಬಹಳ ಹಿಂದೆ, ಬಾಗಿಲುಗಳಿಗೆ ಚಿಲಕ ಹಾಕುವುದು ಇನ್ನೂ ರೂಢಿಗೆ ಬಂದಿರದ ಕಾಲದಲ್ಲಿ, ಒಬ್ಬ ರಾಜನಿದ್ದನಂತೆ. ಅವನಿಗೆ ಒಬ್ಬಳೇ ಮಗಳು. ಅವಳ ತಲೆ ಅರಮನೆಯ ಬಾಗಿಲಿನ ಮೇಲ್ಪಟ್ಟಿಗೆ ಯಾವತ್ತು ತಾಗುತ್ತದೋ ಅವತ್ತೇ ಅವಳು ತವರು ಬಿಟ್ಟು ಹೊರಡಬೇಕು ಎಂದು ಹುಟ್ಟಿದಾಗಲೇ ಯಾರೋ ಮುದುಕಿ ನುಡಿದಿದ್ದಳಂತೆ. ರಾಜ ದಿನಾ ಬೆಳಿಗ್ಗೆ ಮಗಳನ್ನು ಬಾಗಿಲಲ್ಲಿ ನಿಲ್ಲಿಸಿ ನೋಡುತ್ತಿದ್ದ. ತಲೆಗೂ ಪಟ್ಟಿಗೂ ನಡುವೆ ಗೇಣು ಜಾಗ. ಮರುವರ್ಷ ನೋಡಿದರೂ ಅದೇ ಗೇಣು. 'ನನ್ನ ಕೂಸು ಇನ್ನೂ ಕೂಸೇ' ಎಂದು ಹಿಗ್ಗುತ್ತಿದ್ದ. ರಾಜನ ಮುಖ ಬಾಡುವುದನ್ನು ನೋಡಲಾರದ ಬಡಗಿಯೊಬ್ಬ, ಎಲ್ಲರೂ ಮಲಗಿದ ಮೇಲೆ ಮೆಲ್ಲಗೆ ಬಂದು, ಆ ಮೇಲ್ಪಟ್ಟಿಯನ್ನು ಕೂದಲೆಳೆಯಷ್ಟು, ಬರೀ ಕೂದಲೆಳೆಯಷ್ಟು ಎತ್ತಿಟ್ಟು ಹೋಗುತ್ತಿದ್ದನಂತೆ.

"ಆಮೇಲೆ?" ಎಂದಳು ಅಕ್ಕ. ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದವಳು ತಿರುಗಲಿಲ್ಲ.

"ಆಮೇಲಿನದು ನಿಂಗೂ ಗೊತ್ತು. ಇಬ್ರೂ ಒಂದೇ ಕಂಬಳಿ ಒಳಗೆ ತೂರ್ಕೊಂಡು ಅಜ್ಜಿ ಬಾಯಲ್ಲಿ ಕೇಳಿದ್ದಲ್ವಾ?"

"ಬೆಳ್ಬೆಳಿಗ್ಗೆ ಕತೆ ಹೇಳೋಕೆ ಬಂದ್ಯಾ? ವಿಚಾರಣೆ ಇವತ್ತು ಪುಟ್ಟಿ. ಆ ತಾತನಿಗೇನಾದ್ರೂ ದಾರಿ ಹುಡುಕಿದ್ಯೋ ಇಲ್ವೋ?"

"ದಾರಿ ಅಲ್ಲ. ಬಡಗಿ ಸಿಕ್ಕಿದ್ದಾನೆ."

ಬಾಚಣಿಗೆ ಅರ್ಧದಲ್ಲೇ ನಿಂತಿತು.

ಕೆಳಬೀದಿ ಮುಳುಗಿದ ಸಂಜೆ ಸೈರನ್ ಕೂಗಲಿಲ್ಲವೆಂದು ಹೊಳೆಯ ಮಟ್ಟ ಕಾಯುವ ತಾತನ ತಲೆಯ ಮೇಲೆ ಊರೇ ಗೂಬೆ ಕೂರಿಸಿತ್ತು. ಪತ್ತೆಯ ಕೆಲಸ ನನ್ನ ಕೈಗೆ ಬಂದಿತ್ತು. ಹಿಂದಿನ ಕತೆ ಇಷ್ಟೇ.

ತಾತನ ಅಡ್ಡಹೆಸರು ಎವೆಯಿಕ್ಕದ ತಾತ. ಪರದೆಯ ಮುಂದೆ ಕೂತರೆ ರೆಪ್ಪೆ ಬಡಿಯುವುದಿಲ್ಲವೆಂದು ಜೊತೆಯವರೇ ತಮಾಷೆಗೆ ಇಟ್ಟದ್ದು. ಈಗ ಅದೇ ಹೆಸರನ್ನು ಬೀದಿಯ ಜನ ಕಲ್ಲಿನಂತೆ ಅವರ ಮೇಲೆ ಎಸೆಯುತ್ತಿದ್ದರು. ಇವತ್ತು ತಪ್ಪು ಸಾಬೀತಾದರೆ ಜೈಲು.

"ನನ್ನ ಬಿಡಿಸು ಅಂತ ಕೇಳಲ್ಲ ಮಗಳೇ," ಎಂದಿದ್ದರು ತಾತ, ನನ್ನ ಎರಡೂ ಕೈ ಹಿಡಿದು. "ಅವತ್ತು ನಾನು ಏನು ಕಂಡೆನೋ ಅದನ್ನ ಅವರಿಗೂ ಕಾಣಿಸು. ಅಷ್ಟು ಸಾಕು."

ಕಾಣಿಸ್ತೀನಿ ಎಂದು ಮಾತು ಕೊಟ್ಟಿದ್ದೆ. ಕೊಡುವಾಗ ಬಹಳ ಸುಲಭ ಎನಿಸಿತ್ತು.

ನಿನ್ನೆ ಮಧ್ಯಾಹ್ನ ಹೊಳೆದಂಡೆಯ ಮಟ್ಟದ ಕೋಣೆಗೆ ಹೋಗಿದ್ದೆ. ಚಿಕ್ಕ ಕೋಣೆ. ಒಂದು ಮೇಜು, ಕಾಲು ಕುಂಟುವ ಕುರ್ಚಿ, ಗೋಡೆಗೆ ಸೈರನ್ನಿನ ಗುಂಡಿ, ಎದುರಿಗೆ ದೊಡ್ಡ ಪರದೆ. ಪರದೆಯಲ್ಲಿ ಹೊಳೆಯ ಮಟ್ಟ ಒಂದು ನೀಲಿ ಗೆರೆಯಾಗಿ ಎಡದಿಂದ ಬಲಕ್ಕೆ ಹರಿಯುತ್ತಲೇ ಇರುತ್ತದೆ. ಗಾಜಿನ ಮೇಲುಭಾಗದಲ್ಲಿ, ಅಡ್ಡಲಾಗಿ, ಬೆರಳಗಲದ ಕೆಂಪು ಅಂಟುಪಟ್ಟಿ. ಯಾವ ಕಾಲದಲ್ಲಿ ಯಾರು ಅಂಟಿಸಿದರೋ ಯಾರಿಗೂ ಗೊತ್ತಿಲ್ಲ. ಗೆರೆ ಪಟ್ಟಿ ಮುಟ್ಟಿದರೆ ಸೈರನ್ ಒತ್ತು: ಆ ಕೋಣೆಯ ಶಾಸ್ತ್ರ ಅದು. ಪಕ್ಕದ ಅಂಕಿಗಳನ್ನು ಅಲ್ಲಿ ಯಾರೂ ಓದುವುದಿಲ್ಲ. ಪಟ್ಟಿ ಇರುವಾಗ ಅಂಕಿ ಯಾಕೆ?

ಪರದೆ ತನ್ನ ಹಳೆಯ ಓಟವನ್ನು ನೆನಪಿಟ್ಟುಕೊಳ್ಳುತ್ತದೆ. ಮುಳುಗಿದ ಸಂಜೆಯನ್ನು ಮತ್ತೆ ಓಡಿಸಿ ನೋಡಿದೆ. ನೀಲಿ ಗೆರೆ ಪಟ್ಟಿಯ ಹತ್ತಿರ ಬಂತು, ಒಂದಿಷ್ಟು ತೊನೆದಾಡಿತು, ಅಲ್ಲೇ ಉಳಿಯಿತು. ಮುಟ್ಟಲೇ ಇಲ್ಲ. ಇತ್ತ ಬೀದಿಯಲ್ಲಿ ನೀರು ಆಗ ಕಿಟಕಿ ದಾಟಿತ್ತು!

ಯಂತ್ರ ಕೆಟ್ಟಿತ್ತೇ? ಇಲ್ಲ, ಮೆಕ್ಯಾನಿಕ್ ಆಣೆಯಿಟ್ಟು ಹೇಳಿದ. ತಾತ ಮಲಗಿದ್ದರೇ? ಮಲಗಿದ್ದರೂ ಗೆರೆ ಸುಳ್ಳು ಹೇಳಬೇಕಿರಲಿಲ್ಲವಲ್ಲ.

ಮತ್ತೆ ಓಡಿಸಿದೆ. ಮತ್ತೆ. ಆಗ, ಗೆರೆ ನೋಡಿ ನೋಡಿ ದಣಿದ ಕಣ್ಣು ಸುಮ್ಮನೆ ಎಡಕ್ಕೆ ಜಾರಿದಾಗ, ಅದು ಕಂಡಿತು.

ಎಡಗಡೆ ಅಂಚಿನಲ್ಲಿ ಏಣಿಯ ಮೆಟ್ಟಿಲ ಹಾಗೆ ನಿಂತ ಅಂಕಿಗಳು, ಬೂದುಬಣ್ಣದ ಪುಟಾಣಿ ಅಂಕಿಗಳು, ಒಂದರ ಹಿಂದೊಂದು ಕೆಳಕ್ಕೆ ಇಳಿಯುತ್ತಿದ್ದವು. ನೀರು ಮೇಲೇರಿದಷ್ಟೂ ಏಣಿಯೇ ಕುಗ್ಗುತ್ತಿತ್ತು. ಆದ್ದರಿಂದ ಗೆರೆ ಇದ್ದಲ್ಲೇ ಇತ್ತು.

"ಮುಂಚೆ ಹೀಗಿರ್ಲಿಲ್ಲ," ಎಂದಳು ಹಗಲುಪಾಳಿಯಲ್ಲಿ ಪರದೆ ಕಾಯುವಾಕೆ, ಕತ್ತು ಉದ್ದ ಮಾಡಿ. "ನೀರು ಏರಿ ಗೆರೆ ಪರದೇಲಿ ಹಿಡಿಸದೆ ಅಂಕಿ ಬದಲಾಗೋ ಮೊದಲು ಟಣ್ ಅಂತ ಬೆಲ್ ಹೊಡೀತಿತ್ತು. ಗೆರೆ ನಿಂತ್ಕೊಳ್ತಿತ್ತು. ಅಂಕಿಗಳು ದೊಡ್ಡದಾಗಿ ಮಿನುಗಿ, ಆಮೇಲೆ ಚಿತ್ರ ನಿಧಾನಕ್ಕೆ ಮಡಚ್ಕೊಳ್ತಿತ್ತು. ಬೆಲ್ ಆದ್ರೆ ಪಟ್ಟಿ ನಂಬಬೇಡಿ, ಅಂಕಿ ನೋಡಿ ಅಂತ ನಿಮ್ಮಕ್ಕನೇ ಕಲಿಸಿದ್ರು. ಬೆಲ್ ಈಚೆಗೆ ನಿಂತೋಯ್ತು. ನಾವು, ಸದ್ಯ, ಕಿವಿಗೆ ನೆಮ್ಮದಿ ಅಂದ್ಕೊಂಡ್ವಿ."

ನಾನು ಅಂಕಿಗಳ ಆ ಇಳಿತವನ್ನೇ ನೋಡುತ್ತಿದ್ದೆ. ಮೊದಲು ತಡೆದು ತಡೆದು, ಆಮೇಲೆ ಬೀಸಾಗಿ, ಕೊನೆಗೆ ಮತ್ತೆ ತಡೆದು, ನೆಲಕ್ಕೆ ಕಾಲು ತಾಗಿಸುವ ಉಯ್ಯಾಲೆಯಂತೆ. ಅಷ್ಟು ನಯವಾಗಿ ಜಾರಿದರೆ ಕಣ್ಣಿಗೆ ಎಚ್ಚರವೇ ಆಗುವುದಿಲ್ಲ. ಆ ನಯ ನನಗೆ ಗೊತ್ತು. ವರ್ಷಗಟ್ಟಲೆ, ಈ ಕನ್ನಡಿಯಿರುವ ನಮ್ಮ ಮನೆಯ ಕೋಣೆಯಲ್ಲಿ, ಇಳಿಜಾರು ಹಲಗೆಯ ಮೇಲೆ ಮಣಿ ಉರುಳಿಸಿ ಉರುಳಿಸಿ ಅದನ್ನು ಕಲಿತವಳು ಯಾರೆಂದೂ ಗೊತ್ತು.

"ಅಕ್ಕಾ, ಅದು ನಿನ್ನ ಕೈ."

ಅಕ್ಕ ಬಾಚಣಿಗೆ ಇಟ್ಟು ನನ್ನ ಕಡೆ ತಿರುಗಿದಳು. ಊರಿನ ಅಂಕಿಅಂಶಗಳಿಗೆಲ್ಲ ಚಲಿಸುವ ಚಿತ್ರ ಬರೆಯುವುದು ಅವಳ ಕಸುಬು. ಆಸ್ಪತ್ರೆಯ ಗೋಡೆಯ ಮೇಲೆ, ಬಸ್ ನಿಲ್ದಾಣದ ಮೇಲೆ, ಕಚೇರಿಗಳಲ್ಲಿ ಉಬ್ಬುವ ಕಂಬಗಳು, ಓಡುವ ಚುಕ್ಕಿಗಳು ಎಲ್ಲವೂ ಅವಳವೇ. ಹೊಸ ಚಿತ್ರ ಮಾಡಿದಾಗಲೆಲ್ಲ ಮೊದಲು ನನ್ನನ್ನು ಕೂರಿಸುತ್ತಿದ್ದಳು. 'ನಿನ್ನಂಥ ಕನಸುಗಣ್ಣಿಗೆ ಅರ್ಥವಾದ್ರೆ ಲೋಕಕ್ಕೇ ಅರ್ಥವಾಗತ್ತೆ' ಎನ್ನುತ್ತಿದ್ದಳು. ಅದಕ್ಕೆಂದೇ ಅವಳ ಯಂತ್ರದಲ್ಲಿ ನನ್ನ ಹೆಸರಿಗೂ ಒಂದು ಪ್ರವೇಶ, ಒಂದು ಗುಪ್ತಪದ ಇತ್ತು.

ನಿರಾಕರಿಸುತ್ತಾಳೆ, ಬೈಯುತ್ತಾಳೆ, ನಗುತ್ತಾಳೆ, ಏನೋ ಒಂದು ಮಾಡುತ್ತಾಳೆ ಎಂದುಕೊಂಡಿದ್ದೆ.

"ಹೂಂ," ಎಂದಳು. "ನಾನೇ."

ಕೆಳಗೆ ಅಡುಗೆಮನೆಯಲ್ಲಿ ಭಾವ ಲೋಟ ತೊಳೆಯುವ ಸದ್ದು.

"ಯಾಕೆ?"

"ಬೆಲ್ ಹೊಡೆದಾಗಲೆಲ್ಲ ಮೇಲಿನ ಕಚೇರೀಲೂ ಹೊಡೀತಿತ್ತು. ಅವರು ನಿಮ್ಮ ಭಾವನ್ನ ಕೇಳೋರು. ನೀರು ಇಷ್ಟು ಯಾಕೆ ಏರ್ತಿದೆ, ತೂಬಿನ ಬಾಗಿಲು ಇನ್ನೂ ಯಾಕೆ ರಿಪೇರಿ ಆಗಿಲ್ಲ ಅಂತ. ಹೊಳೆಯ ಎಂಜಿನಿಯರು ಅಂದ್ಮೇಲೆ ಕೇಳೋದೇ. ಪಾಪ, ಊಟ ಬಿಟ್ಟಿದ್ರು ಪುಟ್ಟಿ. ಸ್ವಲ್ಪ ದಿನ ಪರದೆ ಶಾಂತವಾಗಿರ್ಲಿ, ಅಷ್ಟರಲ್ಲಿ ತೂಬು ಸರಿ ಮಾಡಿಸ್ತೀನಿ ಅಂದ್ರು. ಮಾಡಿಕೊಟ್ಟೆ."

"ಆ ಕೋಣೇಲಿ ಎಲ್ರೂ ಪಟ್ಟಿ ನೋಡ್ತಾರೆ ಅಂತ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಒಬ್ರು ಸತ್ತೋದ್ರು ಅಕ್ಕ. ಮಂಚದಿಂದ ಏಳಕ್ಕಾಗದ ಮುದುಕಿ."

"ಒಂದು ಬೆಲ್ ತೆಗೆದೆ ಕಣೇ! ಹೊಳೇನೇ ತಂದು ಸುರಿದೆ ಅನ್ನೋ ಹಾಗೆ ನೋಡ್ಬೇಡ ನನ್ನ." ಮಂಚದ ಅಂಚಿಗೆ ಕುಸಿದು ಕೂತಳು. ಮುಖ ಮುಚ್ಚಿಕೊಂಡಳು.

ನಾನು ಪತ್ತೇದಾರಿಣಿ ಎನ್ನುವುದನ್ನು ಬಾಗಿಲಾಚೆ ಬಿಟ್ಟು ಹೋಗಿ ಅವಳ ಕಾಲ ಬಳಿ ಕೂತೆ.

"ನೀನೇ ಬಂದು ಹೇಳು. ನಾನು ಹೇಳಿದ್ರೆ ಅದು ಆರೋಪ. ನೀನು ಹೇಳಿದ್ರೆ ಅದು ನಿಜ."

ಅವಳು ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಜಡೆ ಬಿಚ್ಚಿ, ಅಮ್ಮ ಇಲ್ಲದ ಮನೆಯಲ್ಲಿ ಅವಳು ಯಾವಾಗಲೂ ಮಾಡುತ್ತಿದ್ದ ಹಾಗೆ, ಮತ್ತೆ ಹೆಣೆಯತೊಡಗಿದಳು.

"ಬರ್ತೀನಿ. ನೀನು ಮೊದಲು ತೋರಿಸು. ಅವರಿಗೆ ಅರ್ಥವಾದ್ಮೇಲೆ ನಾನು ಎದ್ದು ಹೇಳ್ತೀನಿ."

"ನಿಜವಾಗ್ಲೂ?"

"ಅಜ್ಜಿ ಆಣೆ. ಕೇಳಿಲ್ಲಿ, ಎರಡೆರಡು ಚಿತ್ರ ಒಟ್ಟಿಗೆ ತೋರಿಸ್ಬೇಡ. ಕಣ್ಣು ಒಂದೇ ಸಲಕ್ಕೆ ಎರಡು ಕಡೆ ಹೋಗಲ್ಲ. ಒಂದು ಅಲುಗಾಡೋವಾಗ ಇನ್ನೊಂದು ಸುಮ್ನಿರ್ಲಿ. ಮತ್ತೆ, ಅಲುಗಾಡೋ ಮೊದಲೇ ಎಲ್ಲಿ ನೋಡ್ಬೇಕು ಅಂತ ಹೇಳ್ಬಿಡು. ಆದ್ಮೇಲೆ ಹೇಳಿದ್ರೆ ಅಷ್ಟೊತ್ತಿಗೆ ಕಣ್ಣು ತಪ್ಪಿಸ್ಕೊಂಡಿರತ್ತೆ."

ಜಡೆಯ ತುದಿಗೆ ರಬ್ಬರು ಹಾಕಿ ಬೆನ್ನು ತಟ್ಟಿದಳು. ಆ ಕೈ ಬೆಚ್ಚಗಿತ್ತು. ಅದನ್ನೇ ನಾನು ಇನ್ನೂ ಮರೆಯಲಾರೆ.

ವಿಚಾರಣೆ ನಡೆದದ್ದು ಗ್ರಂಥಾಲಯದ ಸಭಾಂಗಣದಲ್ಲಿ. ನೀರು ನುಗ್ಗಿದ ಗೋಡೆಗಳಲ್ಲಿ ಸೊಂಟದೆತ್ತರಕ್ಕೆ ಇನ್ನೂ ಕಂದು ಕಲೆ. ವೇದಿಕೆಯ ಮೇಲೆ ಅಧ್ಯಕ್ಷೆ, ನಿವೃತ್ತ ನ್ಯಾಯಾಧೀಶೆ. ಕನ್ನಡಕದ ಮೇಲಿಂದ ನೋಡುವ ಹೆಂಗಸು. ಪಕ್ಕದಲ್ಲಿ ಇನ್ಸ್‌ಪೆಕ್ಟರ್. ಮುಂದಿನ ಸಾಲಿನಲ್ಲಿ ಭಾವ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಅವರ ಹಿಂದೆ ಅಕ್ಕ. ತಾತ ಪಕ್ಕದ ಬೆಂಚಿನಲ್ಲಿ ಒಬ್ಬರೇ. ಆ ಬೆಂಚಿನಲ್ಲಿ ಯಾರೂ ಕೂರಲು ಒಪ್ಪಿರಲಿಲ್ಲ.

ಮಿಕ್ಕ ಕುರ್ಚಿಗಳಲ್ಲೆಲ್ಲ ಕೆಳಬೀದಿ. ಎಲ್ಲರಿಗಿಂತ ಮುಂದೆ, ತೊಡೆಯ ಮೇಲೆ ಕೆಲಸದ ಚೀಲ ಇಟ್ಟುಕೊಂಡು, ಹೊಲಿಗೆಯಾಕೆ. ಸತ್ತವಳು ಅವಳ ತಾಯಿ.

"ಎವೆಯಿಕ್ಕದ ತಾತ ಅಂತೆ!" ಅವಳು ತಾತನಿಗೆ ಕೇಳಿಸುವ ಹಾಗೇ ಹೇಳಿದಳು. "ನೀನು ಕಣ್ಣು ಮುಚ್ಚಿಲ್ಲ ಅಂದ್ರೆ ನಮ್ಮಮ್ಮ ಹೇಗೆ ಕಣ್ಣು ಮುಚ್ಚಿದ್ಲು? ಹೇಳಯ್ಯಾ!"

ತಾತ ಬೆಂಚಿನ ಅಂಚಿಗೆ ಇನ್ನಷ್ಟು ಸರಿದರು.

"ಶುರು ಮಾಡಮ್ಮ," ಎಂದರು ಅಧ್ಯಕ್ಷೆ.

"ನಮ್ಮ ನಾದಿನಿ ಅಜ್ಜಿಕತೆಯಿಂದ ಶುರು ಮಾಡ್ತಾಳೆ, ಎಲ್ರೂ ದಿಂಬು ತಂದಿದ್ದೀರಾ?" ಎಂದರು ಭಾವ. ನಾಲ್ಕು ಜನ ನಕ್ಕರು. ನಾನೂ ನಕ್ಕೆ. ಅಕ್ಕ ಹಿಂದೆ ಇದ್ದಳಲ್ಲ, ಧೈರ್ಯವಿತ್ತು.

ಲ್ಯಾಪ್‌ಟಾಪ್ ತೆರೆದು ಗೋಡೆಯ ಮೇಲೆ ಬೆಳಕು ಚೆಲ್ಲಿದೆ. ಮಟ್ಟದ ಕೋಣೆಯಲ್ಲಿದ್ದಂತೆಯೇ, ಅದೇ ಎತ್ತರಕ್ಕೆ, ಗೋಡೆಗೆ ಒಂದು ಕೆಂಪು ಪಟ್ಟಿ ಅಂಟಿಸಿದೆ.

"ನೀವೆಲ್ಲ ಈಗ ಕಾವಲುಗಾರರು. ಇದು ಆ ಸಂಜೆಯದೇ ಓಟ, ಸ್ವಲ್ಪ ಬೇಗ ಓಡತ್ತೆ, ಅಷ್ಟೇ. ನೀರು ಅಪಾಯ ದಾಟಿದ ತಕ್ಷಣ ಕೈ ಎತ್ತಿ. ಒಂದು ಕೈ ಎದ್ದರೂ ಸೈರನ್ ಕೂಗಿತು ಅಂತ ಲೆಕ್ಕ."

ಸಭಾಂಗಣ ಮುಂದಕ್ಕೆ ಬಾಗಿತು. ಹೊಲಿಗೆಯಾಕೆ ಕೈಯನ್ನು ಮೊದಲೇ ಅರ್ಧ ಎತ್ತಿ ಹಿಡಿದಿದ್ದಳು. ತಾತನ ತಪ್ಪನ್ನು ಹಿಡಿಯಲು ಅವಳಷ್ಟು ಕಾತರ ಯಾರಿಗೂ ಇರಲಿಲ್ಲ.

ನೀಲಿ ಗೆರೆ ಹರಿಯಿತು. ಏರಿತು. ಪಟ್ಟಿಯ ಹತ್ತಿರ ಬಂತು. ತೊನೆದಾಡಿತು. ಅಲ್ಲೇ ಉಳಿಯಿತು. ಕೊನೆಯವರೆಗೂ.

ಯಾರ ಕೈಯೂ ಏಳಲಿಲ್ಲ.

"ಮುಗೀತಾ?" ಎಂದಳು ಹೊಲಿಗೆಯಾಕೆ. "ಏರ್ಲೇ ಇಲ್ವಲ್ಲ. ಬೇರೆ ದಿನದ್ದು ಹಾಕಿ ಮಂಕುಬೂದಿ ಎರಚ್ತಿದ್ದೀಯಾ?"

"ಅದೇ ದಿನದ್ದು. ನೀರು ಏರ್ತು. ನಿಮ್ಮ ಕಣ್ಣೆದುರಿಗೇ."

ಗುಸುಗುಸು ಎದ್ದಿತು. ಅಧ್ಯಕ್ಷೆ ಕನ್ನಡಕ ತೆಗೆದರು. ಇದೇ ಹೊತ್ತು. ಇನ್ನೊಂದೇ ಹೆಜ್ಜೆ, ಎಡಗಡೆ ನೋಡಿ ಎನ್ನುವುದು, ಆಮೇಲೆ ಅಕ್ಕ.

ಆದರೆ ಅಕ್ಕ ಆಗಲೇ ಎದ್ದು ನಿಂತಿದ್ದಳು.

ಪಾಪ, ತಡೆದುಕೊಳ್ಳಲಾಗಲಿಲ್ಲ, ಮನಸ್ಸು ಹಗುರ ಮಾಡಿಕೊಳ್ಳಬೇಕು ಅವಳಿಗೆ ಎಂದುಕೊಂಡು ನಾನು ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟೆ. ನಿಜವಾಗಿಯೂ ಜಾಗ ಮಾಡಿಕೊಟ್ಟೆ.

"ಅಧ್ಯಕ್ಷರೇ, ಈ ಪರದೆಯ ಚಿತ್ರ ನನ್ನದು. ಅದರಲ್ಲಿ ಎಚ್ಚರಿಕೆಯ ಬೆಲ್ ಇತ್ತು. ಅದನ್ನ ಯಾರೋ ತೆಗೆದುಹಾಕಿದ್ದಾರೆ." ಅಕ್ಕನ ದನಿ ಅಲೆಯಿಲ್ಲದ ನೀರಿನ ಹಾಗಿತ್ತು. "ಯಾರು ಅಂತ ಯಂತ್ರ ನೆನಪಿಟ್ಕೊಂಡಿರತ್ತೆ. ಇನ್ಸ್‌ಪೆಕ್ಟರ್ ಅವರಿಗೆ ಒಳಗೆ ಬರೋ ಮುಂಚೆ ತೋರಿಸಿದ್ದೀನಿ. ತೆಗೆದವರು ಒಳಗೆ ಬಂದದ್ದು ನನ್ನ ತಂಗಿಯ ಹೆಸರಿನಲ್ಲಿ. ಅವಳ ಗುಪ್ತಪದದಲ್ಲಿ."



"ಅಕ್ಕಾ?"

"ತಾನೇ ಕೆಡಿಸಿ, ತಾನೇ ಪತ್ತೆ ಮಾಡಿ, ಹೆಸರು ಮಾಡೋಕೆ ಹೊರಟಿದ್ದಾಳೆ. ಅವಳು ಚಿಕ್ಕವಳು. ಕನಸಿನಲ್ಲೇ ಇರೋಳು. ದಯವಿಟ್ಟು ಕಠಿಣವಾಗಿ ನೋಡ್ಬೇಡಿ."

ಕೊನೆಯ ಮಾತು ಹೇಳುವಾಗ ಅವಳ ಕಣ್ಣು ತುಂಬಿತ್ತು. ಆ ಕಣ್ಣೀರು ಸುಳ್ಳಲ್ಲ, ಅದೂ ನನಗೆ ಗೊತ್ತಿತ್ತು. ಭಾವ ಮುಂದಿನ ಸಾಲಿನಲ್ಲಿ ತಮ್ಮ ಬೆರಳಿನ ಉಗುರು ನೋಡಿಕೊಳ್ಳುತ್ತಿದ್ದರು.

ನನ್ನ ಗುಪ್ತಪದ ಎಂದರೆ ಅಜ್ಜಿ ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕರೆಯುತ್ತಿದ್ದ ಮುದ್ದಿನ ಹೆಸರು. ಅಜ್ಜಿ ಹೋದ ಮೇಲೆ ಅದು ಲೋಕದಲ್ಲಿ ಇಬ್ಬರಿಗೇ ಗೊತ್ತು.

ಬೆಲ್ ನಿಂತದ್ದು ಹೊಳೆ ಉಕ್ಕುವುದಕ್ಕೆ ಮೊದಲೇ. ಅಂದರೆ ಆಗಲೇ, ಇನ್ನೂ ಯಾರೂ ಸಾಯದೆ ಇದ್ದಾಗಲೇ, ಯಾವ ಹೆಸರಿನ ಬಾಗಿಲಿನಿಂದ ಒಳಗೆ ಹೋಗಬೇಕು ಎಂದು ಅಕ್ಕ ಆರಿಸಿಕೊಂಡಿದ್ದಳು. ಈ ಬೆಳಿಗ್ಗೆ ಜಡೆ ಹಾಕುತ್ತ ಯೋಚಿಸಿದ್ದಲ್ಲ ಇದು. ಎದೆಯ ಒಳಗೆ ಏನೋ ಸದ್ದಿಲ್ಲದೆ ಮಡಚಿಕೊಂಡಿತು.

ಇನ್ಸ್‌ಪೆಕ್ಟರ್ ಬಂದು ಲ್ಯಾಪ್‌ಟಾಪ್ ಮುಚ್ಚಿದರು. ಗೋಡೆ ಕತ್ತಲಾಯಿತು. "ಇದು ಈಗ ಸಾಕ್ಷಿ. ನೀವು ಮುಟ್ಟೋ ಹಾಗಿಲ್ಲ. ನಡೀರಿ ಆಚೆ."

"ನಾನಲ್ಲ," ಎಂದೆ. ನನ್ನ ಕಿವಿಗೇ ಅದು ಕಳ್ಳರ ಮಾತಿನ ಹಾಗೆ ಕೇಳಿಸಿತು. ಇಡೀ ಸಭಾಂಗಣ ನನ್ನನ್ನು ನೋಡುತ್ತಿತ್ತು. ಅಷ್ಟು ಜನರ ನಡುವೆ ತಾತ ಮಾತ್ರ ಕತ್ತಲಾದ ಗೋಡೆಯನ್ನು ನೋಡುತ್ತಿದ್ದರು.

ನನಗಾಗಿ ಜಗಳವಾಡಲು ಆಮೇಲೆ ಬೇಕಾದಷ್ಟು ಹೊತ್ತಿದೆ. ಅವರಿಗೆ ಇರುವುದು ಇವತ್ತೊಂದೇ.

"ಅಧ್ಯಕ್ಷರೇ, ನನ್ನ ಕರ್ಕೊಂಡು ಹೋಗಿ. ಬೇಡ ಅನ್ನಲ್ಲ. ಬೆಲ್ ತೆಗೆದವರು ಯಾರೇ ಆಗ್ಲಿ, ತೆಗೆದ್ರೆ ಏನಾಗತ್ತೆ ಅಂತ ತೋರಿಸೋದು ಅರ್ಧಕ್ಕೆ ನಿಂತಿದೆ. ಅಷ್ಟು ಮುಗಿಸಿಬಿಡ್ತೀನಿ."

"ಯಂತ್ರ ಮುಟ್ಟೋ ಹಾಗಿಲ್ಲ ಅಂದ್ರಲ್ಲ," ಎಂದರು ಭಾವ, ಮೊದಲ ಸಲ ತಲೆಯೆತ್ತಿ.

"ಯಂತ್ರ ಬೇಡ."

ಅಧ್ಯಕ್ಷೆ ಇನ್ನೂ ಯೋಚಿಸುತ್ತಿದ್ದರು. ಸಿಡುಕಿದವಳು ಹೊಲಿಗೆಯಾಕೆ. "ಕಳ್ಳಿನೋ ಸುಳ್ಳಿನೋ, ಮುಗಿಸ್ಲಿ ಬಿಡಿ! ನಮ್ಮಮ್ಮ ಹೇಗೆ ಹೋದ್ಲು ಅಂತ ಅರ್ಧ ತಿಳ್ಕೊಂಡು ನಾನು ಮನೆಗೆ ಹೋಗ್ಲಾ?"

"ನಿಮ್ಮ ಚೀಲದಲ್ಲಿ ಎಲಾಸ್ಟಿಕ್ ಇದೆಯಾ?" ಎಂದೆ ಅವಳಿಗೆ.

"ಹಾಂ?"

"ಲಂಗಕ್ಕೆ ಹಾಕ್ತೀರಲ್ಲ, ಅಗಲದ್ದು. ಉದ್ದ ತುಂಡು. ಮತ್ತೆ ಬಟ್ಟೆ ಮೇಲೆ ಗುರುತು ಹಾಕೋ ಸೀಮೆಸುಣ್ಣ."

ಅವಳು ಬೈದುಕೊಳ್ಳುತ್ತಲೇ ಚೀಲ ಕೆದಕಿದಳು. ಬಿಳೀ ಎಲಾಸ್ಟಿಕ್ಕಿನ ಸುರುಳಿ ಬಂತು, ಕೆಂಪು ಸೀಮೆಸುಣ್ಣವೂ ಬಂತು. ಸಭಾಂಗಣದ ಮರದ ಬಾಗಿಲಿನ ಮೇಲೆ ನನ್ನ ಎದೆಯ ಎತ್ತರಕ್ಕೆ ಅಡ್ಡಗೆರೆ ಎಳೆದೆ. ಎಲಾಸ್ಟಿಕ್ಕಿನ ಮೇಲೆ ಪೆನ್ನಿನಿಂದ ಒಂದರಿಂದ ಎಂಟರವರೆಗೆ ಸಮನಾದ ಗುರುತು ಹಾಕಿದೆ.

"ತಾತಾ, ಕೆಳಗಿನ ತುದಿ ನೀವು ಹಿಡೀರಿ. ಬಾಗಿಲ ಬುಡಕ್ಕೆ ಒತ್ತಿ. ಬಿಡಬೇಡಿ."

ತಾತ ಎದ್ದು ಬಂದು ಮೊಣಕಾಲೂರಿ ಕೂತರು.

"ಮೇಲಿನ ತುದಿ ನೀವು," ಎಂದೆ ಹೊಲಿಗೆಯಾಕೆಗೆ. "ಕುರ್ಚಿ ಮೇಲೆ ನಿಂತ್ಕೊಳ್ಳಿ."

"ಇವನ ಜೊತೆಗಾ?"

"ಒಂದೇ ಪಟ್ಟಿ. ಎರಡು ತುದಿ. ಬೇರೆ ದಾರಿ ಇಲ್ಲ."

ಅವಳು ಕುರ್ಚಿ ಹತ್ತಿದಳು. ತಾತನ ನೆತ್ತಿಯನ್ನು ನೋಡದೆ ಎಲಾಸ್ಟಿಕ್ ಎಳೆದಳು. ನಾಲ್ಕನೇ ಗುರುತು ಕೆಂಪು ಗೆರೆಗೆ ಸರಿಯಾಗಿ ಬರುವವರೆಗೆ ಎಳೆಸಿದೆ. ನಾಲ್ಕರ ಮೇಲಿನವು ಗೆರೆಯಿಂದಾಚೆ ಹೋದವು.

"ನಾಲ್ಕು ಅಂದ್ರೆ ಅಪಾಯ. ನನ್ನ ಬೆರಳು ಹೊಳೆ. ಈಗ ಮೂರರ ಹತ್ತಿರ ಇದೆ." ಬೆರಳನ್ನು ಮೂರರ ಗುರುತಿಗೆ, ಕೆಂಪು ಗೆರೆಯ ಕೆಳಗೆ ಇಟ್ಟೆ. "ಮೊದಲನೇ ಸಲ ನನ್ನ ಬೆರಳು, ಆ ಕೆಂಪು ಗೆರೆ, ಇವೆರಡನ್ನೇ ನೋಡಿ. ಬೇರೇನೂ ನೋಡ್ಬೇಡಿ. ಅಮ್ಮಾ, ನಿಧಾನಕ್ಕೆ ಸಡಿಲ ಬಿಡಿ. ಉಯ್ಯಾಲೆ ನಿಲ್ಲೋ ಹಾಗೆ."

ಅವಳು ಬಿಟ್ಟಳು. ನಾನು ಬೆರಳನ್ನು ಕದಲಿಸಲಿಲ್ಲ.

"ಹೊಳೆ ಕೆಂಪು ಗೆರೆ ದಾಟಿತಾ?"

"ಇಲ್ಲ," ಎಂದಿತು ಸಭಾಂಗಣ.

"ತಾತ ಕಂಡಿದ್ದು ಇದು."

ಮತ್ತೆ ಎಳೆಸಿದೆ. ಬೆರಳು ಮತ್ತೆ ಮೂರಕ್ಕೆ, ಅದೇ ಎತ್ತರಕ್ಕೆ. "ಈಗ ಕೆಂಪು ಗೆರೆ ಮರೆತುಬಿಡಿ. ಬೆರಳಿನ ಕೆಳಗೆ ಯಾವ ಅಂಕಿ ಬರತ್ತೆ ಅಂತ ಮಾತ್ರ ನೋಡಿ. ಜೋರಾಗಿ ಓದಿ. ಬಿಡೀಮ್ಮ."

ಎಲಾಸ್ಟಿಕ್ ಕುಗ್ಗಿತು. ಗುರುತುಗಳು ಒತ್ತೊತ್ತಾಗಿ ಇಳಿದು ಬಂದವು.

"ಮೂರು," ಎಂದರು ಕೆಲವರು. ಆಮೇಲೆ ಇನ್ನಷ್ಟು ದನಿ. "ನಾಲ್ಕು." ಕುರ್ಚಿಗಳು ಕಿರುಗುಟ್ಟಿದವು. "ಐದು!" ಹಿಂದಿನ ಸಾಲು ಎದ್ದು ನಿಂತಿತು. "ಆರು!"

ಬೆರಳು ಇದ್ದಲ್ಲೇ ಇತ್ತು. ಕೆಂಪು ಗೆರೆಯ ಕೆಳಗೇ ಇತ್ತು.

ಕುರ್ಚಿಯ ಮೇಲೆ ಹೊಲಿಗೆಯಾಕೆ ತನ್ನ ಕೈಯನ್ನೇ ದಿಟ್ಟಿಸುತ್ತಿದ್ದಳು. ಏಣಿಯನ್ನು ಕುಗ್ಗಿಸಿದ್ದು ಆ ಕೈ. ಕುಗ್ಗಿಸುವಾಗ ಅವಳಿಗೇ ತಿಳಿದಿರಲಿಲ್ಲ.

"ಇನ್ನೊಂದ್ಸಲ ಓಡಿಸ್ರೀ ಅದನ್ನ," ಎಂದರು ಅಧ್ಯಕ್ಷೆ, ದನಿ ತಗ್ಗಿಸಿ. "ನೀವೇ ಓಡಿಸಿ ಇನ್ಸ್‌ಪೆಕ್ಟರ್. ಅದೇ ಚಿತ್ರ. ಏನೂ ಬದಲಾಯಿಸ್ಬೇಡಿ."

"ಅದು ಸಾಕ್ಷಿ, ಈಗ ಮತ್ತೆ..." ಭಾವ ಎದ್ದರು.

"ಸಾಕ್ಷಿ ಇರೋದು ನೋಡೋಕೆ. ಕೂತ್ಕೊಳ್ಳಿ."

ಇನ್ಸ್‌ಪೆಕ್ಟರ್ ಲ್ಯಾಪ್‌ಟಾಪ್ ತೆರೆದರು. ಗೋಡೆ ಬೆಳಗಿತು. ಅದೇ ನೀಲಿ ಗೆರೆ, ಅದೇ ಕೆಂಪು ಪಟ್ಟಿ, ಅದೇ ಸಂಜೆ. ನಾನು ಬಾಯಿ ತೆರೆಯಲಿಲ್ಲ. ತೆರೆಯುವ ಅಗತ್ಯವೂ ಇರಲಿಲ್ಲ. ಸಭಾಂಗಣದ ತಲೆಗಳೆಲ್ಲ ತಾವಾಗಿಯೇ ಎಡಕ್ಕೆ ತಿರುಗಿದ್ದವು.

ನಾನು ಗೋಡೆಯನ್ನು ನೋಡದೆ ಅಕ್ಕನನ್ನು ನೋಡಿದೆ. ಅವಳು ಅಂಕಿಗಳ ಆ ನಯವಾದ ಇಳಿತವನ್ನು, ತನ್ನ ಕೈಯ ಕೆಲಸವನ್ನು, ಅಷ್ಟು ಜನ ಹಿಡಿಯುವುದನ್ನು ನೋಡುತ್ತಿದ್ದಳು. ಬಹುಶಃ ಅವಳ ಯಾವ ಚಿತ್ರವನ್ನೂ ಜನ ಇಷ್ಟು ಗಮನವಿಟ್ಟು ನೋಡಿರಲಿಕ್ಕಿಲ್ಲ. ನಮ್ಮ ಕಣ್ಣುಗಳು ಸಂಧಿಸಿದವು. ಅವಳು ತುಟಿ ಅಲುಗಿಸಿದಳು. ಏನೆಂದು ಕೇಳಿಸಲಿಲ್ಲ. ಆಮೇಲೆ ಅವಳ ಕೈ ಮುಂದಿನ ಸಾಲಿನತ್ತ ಹೋಗಿ ಭಾವನ ಹೆಗಲ ಮೇಲೆ ಕೂತಿತು. ಬೆಳಿಗ್ಗೆ ನನ್ನ ಬೆನ್ನು ತಟ್ಟಿದ ಕೈ.

ಇನ್ಸ್‌ಪೆಕ್ಟರ್ ನನ್ನ ಪಕ್ಕಕ್ಕೆ ಬಂದು ನಿಂತರು. "ಇದು ಬೇರೆ, ಅದು ಬೇರೆ," ಎಂದರು, ಬೇಸರದಿಂದಲೇ. "ಹೆಸರು ನಿಮ್ಮದೇ ಇದೆ. ಇದು ಮುಗಿದ ತಕ್ಷಣ ನೀವು ನನ್ನ ಜೊತೆ ಬರ್ಬೇಕು."

"ಬರ್ತೀನಿ. ಮುಗೀಲಿ."

ಗೆರೆ ಪಟ್ಟಿಯ ಹತ್ತಿರ ಬಂತು. ಎಡಗಡೆಯ ಪುಟಾಣಿ ಅಂಕಿಗಳು ಜಾರತೊಡಗಿದವು. ಎಲ್ಲೋ ಹಿಂದೆ ಒಬ್ಬ ಗಂಡಸು "ಅಯ್ಯೋ" ಎಂದ.

ಮೊದಲು ಎದ್ದದ್ದು ಹೊಲಿಗೆಯಾಕೆಯ ಕೈ. ಎಲಾಸ್ಟಿಕ್ ಇನ್ನೂ ಆ ಮುಷ್ಟಿಯಲ್ಲೇ ಇತ್ತು. ಅದರ ಹಿಂದೆ ಇನ್ನೊಂದು. ಆಮೇಲೆ ಸಾಲು ಸಾಲಾಗಿ, ಕೆಳಬೀದಿಯ ಎಲ್ಲ ಕೈಗಳೂ.

ಅವಳು ಕುರ್ಚಿಯಿಂದ ಇಳಿದಳು. ಬಾಗಿಲ ಬುಡದಲ್ಲಿ ತಾತ ಇನ್ನೂ ಮೊಣಕಾಲೂರಿ, ಬಿಡಬೇಡಿ ಎಂದಿದ್ದ ತುದಿಯನ್ನು ಒತ್ತಿ ಹಿಡಿದೇ ಕೂತಿದ್ದರು. ಅವಳು ಅವರ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

"ಮೊದಲನೇ ಸಲ ನಂಗೂ ಕಾಣ್ಲಿಲ್ಲ ಯಜಮಾನ್ರೇ," ಎಂದಳು. "ನೀವು ಕಂಡಷ್ಟೇ ನಾನೂ ಕಂಡೆ."

ತಾತ ಬೆರಳು ಸಡಿಲಿಸಿದರು.